ಗೋಡೆಯನ್ನೂ ಅಳೆದವರು

ಅವರ ಸಂತಾಪ ಸಭೆಯಲ್ಲಿ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಹರಪನಹಳ್ಳಿಯ ಒಂದು ಸಣ್ಣ ಸಭಾಂಗಣ, ಮೇಜಿನ ಮೇಲೆ ಅವರ ಫೋಟೋ, ಫೋಟೋಕ್ಕೆ ಸೇವಂತಿಗೆ ಹಾರ. ಮಲ್ಲಿಗೆಗೇ ಹೆಸರಾದ ಹಡಗಲಿ ಕಡೆಯ ಹೆಣ್ಣುಮಗಳಿಗೆ ಮಲ್ಲಿಗೆ ಬಿಟ್ಟು ಸೇವಂತಿಗೆ ಹಾಕಿದ್ದು ನೋಡಿಯೇ ಇವರಿಗೆ ಅವರ ಪರಿಚಯ ಎಷ್ಟಿತ್ತು ಎಂದು ಗೊತ್ತಾಯಿತು. ಒಂದು ಕಾಲಕ್ಕೆ ಅವರ ಮೇಲಧಿಕಾರಿಯಾಗಿದ್ದ ಸಾಹೇಬರು ಮೈಕು ಹಿಡಿದು, "ಅತ್ಯಂತ ಮೃದು ಸ್ವಭಾವದವರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಎಲ್ಲರೊಂದಿಗೆ ಹೊಂದಿಕೊಂಡು ಹೋಗುವುದೇ ಅವರ ದೊಡ್ಡ ಗುಣ" ಎಂದರು. ಮುಂದಿನ ಸಾಲಿನವರೆಲ್ಲ ತಲೆಯಾಡಿಸಿದರು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪುತ್ತೇನೆ. ಆದರೆ ಬೇರೆ ಯಾರದೋ ಗುಣಗಳನ್ನು ತಂದು ಇವರ ಫೋಟೋದ ಮುಂದೆ ಸುರಿದರೆ ಸುಮ್ಮನಿರುವುದು ಹೇಗೆ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಸರ್ಕಾರಿ ಎಂಜಿನಿಯರ್ ಆಗಿದ್ದರು. ಕಟ್ಟಡಗಳ ಅಳತೆ, ಬೆಲೆ, ನಕ್ಷೆ ಇವೆಲ್ಲ ಅವರ ಕೆಲಸ. ನಾನು ಹರಪನಹಳ್ಳಿಯಲ್ಲಿ ಖಾನಾವಳಿ ನಡೆಸುವವಳು. ನಮ್ಮ ಖಾನಾವಳಿಯ ಮಹಡಿಯ ಮೇಲೆ ಒಂದು ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಅವರ ಯಜಮಾನರು ಹುಬ್ಬಳ್ಳಿ ಕಡೆ ನೌಕರಿಯಲ್ಲಿದ್ದು ಭಾನುವಾರ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅವರ ಊಟ, ಮಾತು, ಜಗಳ ಎಲ್ಲ ನನ್ನೊಂದಿಗೆ. ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಕೇಳಿ ಬರದೀರೇನು?" ಎಂದು ಎದ್ದು ಬಂದಾರು. ನಾವೆಲ್ಲ ಮೇಡಮ್ಮಾರು ಎನ್ನುತ್ತಿದ್ದೆವು, ಇಲ್ಲಿಯೂ ಅದೇ ಸಾಕು.

ಕುಳ್ಳಗಿನ ಆಳು. ದಪ್ಪ ಕನ್ನಡಕ. ಸೀರೆಯನ್ನು ಪಾದದಿಂದ ಸ್ವಲ್ಪ ಮೇಲಕ್ಕೇ ಉಡುತ್ತಿದ್ದರು, ಏಕೆಂದರೆ ಯಾವ ಗಳಿಗೆಯಲ್ಲಿ ಯಾವ ಕಟ್ಟಡ ಹತ್ತಬೇಕಾಗುತ್ತದೋ ಗೊತ್ತಿಲ್ಲ. ಹೆಗಲ ಚೀಲದಲ್ಲಿ ಸದಾ ಒಂದು ಉಕ್ಕಿನ ಟೇಪು. ಕಚೇರಿಯವರು ಕೊಟ್ಟ ಬಟ್ಟೆಯ ಟೇಪು ಎಳೆದೆಳೆದು ಹಿಗ್ಗಿದೆ ಎಂದು ಅದನ್ನು ನನ್ನ ಹಿತ್ತಿಲಿಗೆ ತಂದು, ಅರಿವೆ ಒಣಹಾಕಲು ಕಟ್ಟಿಕೊಟ್ಟಿದ್ದರು. "ಸರ್ಕಾರದ್ದು ಅಲ್ಲೇನ್ರೀ ಇದು?" ಎಂದು ನಾನು ಹೆದರಿದರೆ, "ಸರ್ಕಾರಕ್ಕ ಸುಳ್ಳು ಹೇಳೂ ಟೇಪು ಇಲ್ಲಿ ಆದ್ರೂ ಕೆಲಸಕ್ಕ ಬರ್ಲಿ ತಗೋರಿ" ಎಂದಿದ್ದರು. ಅದರ ಮೇಲೆ ಈಗಲೂ ನನ್ನ ಸೀರೆಗಳು ಒಣಗುತ್ತವೆ.

ಅವರ ಬಾಯಲ್ಲಿ ಯಾವಾಗಲೂ ಒಂದು ಪ್ರಶ್ನೆ ಇರುತ್ತಿತ್ತು: "ಎಲ್ಲಿಂದ ಎಲ್ಲಿಗೆ?" ಯಾರಾದರೂ ಒಂದು ಅಳತೆ ಹೇಳಿದರೆ ಸಾಕು, ಇದು ಬಂದೇಬಿಡುತ್ತಿತ್ತು. ಕೊಟ್ಟೂರಿನಲ್ಲಿ ಅಂಗಡಿ ಮಳಿಗೆ ಕಟ್ಟಿ ಮಾರುತ್ತಿದ್ದ ಒಬ್ಬ ಸಾಹುಕಾರ ಊಟಕ್ಕೆ ಬಂದವನು, ತನ್ನ ಮಳಿಗೆ ಇಷ್ಟು ಚದರಡಿ ಎಂದು ಪಕ್ಕದವರಿಗೆ ಹೇಳುತ್ತಿದ್ದ. ಇವರು ರೊಟ್ಟಿ ಮುರಿಯುತ್ತಲೇ, "ಎಲ್ಲಿಂದ ಎಲ್ಲಿಗ್ರೀ?" ಎಂದರು. ಆತ ತಬ್ಬಿಬ್ಬಾಗಿ, "ಅಂದ್ರ?" ಎಂದ. "ಅಂದ್ರ ಗ್ವಾಡಿ ಹಿಡದೋ ಬಿಟ್ಟೋ? ಮೆಟ್ಟಲಾ ಅದರಾಗ ಸೇರ್ಸೀರೋ? ಹೊರಗ ಮಂದಿ ಅಡ್ಡಾಡೂ ಜಾಗಾನೂ ಅಂಗಡಿ ಅಂತೀರೋ?" ಸಾಹುಕಾರ ಮಜ್ಜಿಗೆ ಕುಡಿಯದೆ ಎದ್ದುಹೋದ. ನನ್ನ ಗಿರಾಕಿಯನ್ನು ಓಡಿಸಿದರಲ್ಲ ಎಂದು ನಾನು ಗೊಣಗಿದೆ. "ಅಂಕಿ ಹೇಳಾಕ ಏನೂ ಬೇಕಾಗಿಲ್ಲ ಅಕ್ಕಾರ, ಗಿಳಿನೂ ಹೇಳ್ತೈತಿ. ಎಲ್ಲಿಂದ ಎಲ್ಲಿತನಕ ಅಂತ ಹೇಳಿದ್ರ ಅಷ್ಟ ಅದು ಅಳತಿ" ಎಂದು ನನಗೇ ತಿರುಗಿಸಿ ಪಾಠ ಹೇಳಿದರು.

ಹೂವಿನ ವಿಷಯದಲ್ಲೂ ಹೀಗೇ. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವವಳು ಮೊಳ ಹಾಕುವಾಗ ಬೆರಳು ಮಡಚಿಕೊಳ್ಳುತ್ತಾಳೆ ಎಂದು ಅವಳ ಕೈ ಹಿಡಿದು, "ಬೆರಳು ಬಿಚ್ಚಿ ಅಳಿಯವಾ. ಮೊಳ ಅಂದ್ರ ಮೊಳಕೈಯಿಂದ ಬೆರಳ ತುದಿತನಕ. ನಡುಬೆರಳು ನಿನ್ನ ಕೈಯಾಗಿಂದ ಅಲ್ಲೇನು?" ಎನ್ನುತ್ತಿದ್ದರು. ಅವಳು ಬೈದುಕೊಳ್ಳುತ್ತಲೇ ಬೆರಳು ಬಿಚ್ಚುತ್ತಿದ್ದಳು. ಇವರಿಗೆ ಅಷ್ಟು ಉದ್ದದ ಮಾಲೆ ಬೇಕಾಗಿರಲಿಲ್ಲ. ಹೆರಳೇ ಗೇಣುದ್ದ. ಉಳಿದ ಹೂವನ್ನು ಮುರಿದು ಅವಳ ಬುಟ್ಟಿಗೇ ಹಾಕಿ ಬರುತ್ತಿದ್ದರು.

ನನ್ನ ಖಾನಾವಳಿಯನ್ನೂ ಬಿಡಲಿಲ್ಲ. ಹಾಲ್ ದೊಡ್ಡದಾಗಿದೆ, ಮದುವೆ ದಿಬ್ಬಣವೇ ಒಂದು ಪಂಕ್ತಿಗೆ ಕೂರುತ್ತದೆ ಎಂದು ನಾನು ಹೆಮ್ಮೆ ಪಟ್ಟರೆ, ಟೇಪು ತೆಗೆದು ಅಡ್ಡಾಡಿ, ಕಂಬಗಳನ್ನೂ ಕೈ ತೊಳೆಯುವ ಮೂಲೆಯನ್ನೂ ಕಳೆದುಬಿಟ್ಟರು. "ಕಂಬದ ಮ್ಯಾಲೆ ಯಾರ ಕುಂತು ಉಣ್ತಾರ ಅಕ್ಕಾರ?" ಎಂದರು. ಆ ದಿನ ನಾನು ಮಾತು ಬಿಟ್ಟಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ನನ್ನ ತವರಿನ ಗೋಡೆಗಳ ಪ್ರಶ್ನೆ ಬಂದಾಗ ಇದೇ ಕಂಬವನ್ನು ನಾನು ಅವರ ಮುಖಕ್ಕೆ ಹಿಡಿದೆ.

ನನ್ನ ತವರು ನಮ್ಮ ತಾಲ್ಲೂಕಿನದೇ ಅರಸೀಕೆರೆಯಿಂದ ಉಚ್ಚಂಗಿದುರ್ಗದ ಕಡೆ ಹೋಗುವ ದಾರಿಯ ಮೇಲಿನ ಹಳ್ಳಿ. ಕುರಿ ಸಾಕುವ ಮನೆತನ. ಅಣ್ಣ ಹೊಲ ನೋಡಿಕೊಂಡರೆ ತಮ್ಮ ಹಿಂಡು ಕಾಯುತ್ತಾನೆ. ಹೆಂಡತಿ ಮಕ್ಕಳೊಂದಿಗೆ ಇಬ್ಬರದೂ ಒಂದೇ ಒಲೆ. ನಮ್ಮಪ್ಪ ಕಟ್ಟಿಸಿದ ಮಾಳಿಗೆ ಮನೆ ಅದು. ಮೇಲೆ ಸವಳು ಮಣ್ಣಿನ ಚಪ್ಪಟೆ ಮಾಳಿಗೆ, ನಡುವೆ ಬೆಳಕಿಗೊಂದು ಗವಾಕ್ಷಿ. ಗೋಡೆಗಳು ಕಲ್ಲು ಮಣ್ಣಿನವು, ಬಾಗಿಲ ಸಂದಿನಲ್ಲಿ ಮಗುವೊಂದು ಅಡ್ಡ ಮಲಗುವಷ್ಟು ದಪ್ಪ. ಆ ಗೋಡೆಗಳಲ್ಲೇ ಗೂಡುಗಳು. ಒಂದರಲ್ಲಿ ದೀಪ, ಒಂದರಲ್ಲಿ ಹುಡುಗರ ಪುಸ್ತಕ, ನಡುಮನೆಯ ದೊಡ್ಡ ಗೂಡಿನಲ್ಲಿ ಮನೆದೇವರು ಉಚ್ಚಂಗೆಮ್ಮ.

ರಸ್ತೆ ಅಗಲ ಮಾಡಲು ಊರಿನ ಮುಂದಿನ ಸಾಲು ಮನೆಗಳೆಲ್ಲ ಹೋಗುತ್ತವೆ ಎಂದಾಯಿತು. ಹೋದ ಪ್ರತಿ ಮನೆಗೆ ಬದಲಾಗಿ ಊರ ಹೊರಗೆ ಸರ್ಕಾರವೇ ಒಂದು ಮನೆ ಕಟ್ಟಿಸಿ ಕೊಡುವುದೆಂದು ತೀರ್ಮಾನ. ಆದರೆ ಅದರಲ್ಲಿ ಎರಡು ನಮೂನೆ. ಹೋದ ಮನೆಯ ವಿಸ್ತೀರ್ಣ ಗೊತ್ತುಮಾಡಿದ ಮಿತಿ ದಾಟಿದರೆ ದೊಡ್ಡ ಮನೆ, ದಾಟದಿದ್ದರೆ ಒಂದು ಕೋಣೆ ಒಂದು ಅಡುಗೆಮನೆಯ ಸಣ್ಣ ಮನೆ. ಸಣ್ಣ ಮನೆ ಸಿಕ್ಕರೆ ಅಣ್ಣ ತಮ್ಮ ಒಟ್ಟಿಗಿರುವ ಮಾತೇ ಇಲ್ಲ. ತಮ್ಮನ ಹೆಂಡತಿಯ ತವರು ಹೊಳೆ ದಂಡೆಯ ಹಲವಾಗಲು. ಮಾವ ಆಗಲೇ, "ಇಲ್ಲೇ ಬಂದು ಇರ್ರಿ" ಎಂದು ಕರೆಯುತ್ತಿದ್ದ. ಹೋದರೆ ಹಿಂಡೂ ಎರಡು ಪಾಲಾಗಬೇಕು. ಅಪ್ಪ ಸಾಯುವಾಗ ಇಬ್ಬರ ಕೈಯನ್ನೂ ಕೂಡಿಸಿ ಹಿಡಿದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡವಳು.

ಇಲ್ಲಿ ನಮ್ಮ ಕಡೆಯ ಒಂದು ನಂಬಿಕೆ ಹೇಳಬೇಕು. ಕಟ್ಟಿದ ಮನೆಯೊಳಗೆ ಟೇಪು ಹಿಡಿಯಬಾರದು. ಮನೆಯೊಳಗೆ ಟೇಪು ಬರುವುದು ಅಣ್ಣತಮ್ಮಂದಿರು ಪಾಲಾಗುವಾಗ ಮಾತ್ರ, ಹಾಗಾಗಿ ಟೇಪು ಬಂದರೆ ಪಾಲು ಬಂದಂತೆಯೇ ಎಂದು ಲೆಕ್ಕ. ಹಾಗಾದರೆ ಮನೆಯ ಅಳತೆ ಕೇಳಿದವರಿಗೆ ಏನು ಹೇಳುವುದು? ಆಯದ ಅಳತೆ ಹೇಳುವುದು. ಆಯವೆಂದರೆ ಮನೆ ಕಟ್ಟುವ ಮುಂಚೆ ಯಜಮಾನನ ಹೆಸರಿಗೆ ಕೂಡಿಬರುವಂತೆ ಒಳಗಿನ ಉದ್ದ ಅಗಲ ಗೊತ್ತುಮಾಡುವ ಲೆಕ್ಕ. ಅದು ಗೋಡೆಯ ಒಳಮೈಯಿಂದ ಒಳಮೈಗೆ. ನಮ್ಮಪ್ಪ ಆಯಗಳಲ್ಲಿ ಶುಭವೆಂದು ವೃಷಭಾಯ ಹಾಕಿಸಿದ್ದ. ಆ ಅಂಕಿ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಅದನ್ನು ಬಿಟ್ಟು ಬೇರೆ ಅಂಕಿ ಹೇಳಿದರೆ ಆಯ ಕೆಡುತ್ತದೆ ಎಂದು ಅಣ್ಣನ ಹೆದರಿಕೆ.

ಅಳತೆಗೆಂದು ಗುತ್ತಿಗೆ ಕಂಪನಿಯವರು ಬಂದರು. ಅವರ ಹತ್ತಿರ ಟೇಪು ಇರಲಿಲ್ಲ, ಕೆಂಪು ಬೆಳಕು ಬಿಡುವ ಕೈಯಳತೆಯ ಯಂತ್ರ. ಈ ಗೋಡೆಗೆ ಒತ್ತಿ ಹಿಡಿದರೆ ಆ ಗೋಡೆಯ ಮೇಲೆ ಚುಕ್ಕೆ ಬೀಳುತ್ತದೆ, ಅಂಕಿ ತಾನೇ ಬರುತ್ತದೆ. ಟೇಪಲ್ಲದ್ದರಿಂದ ಊರವರು ಖುಷಿಯಿಂದ ಒಳಗೆ ಬಿಟ್ಟುಕೊಂಡರು. ಯಂತ್ರ ಹೇಳಿದ ಅಂಕಿ ನಮ್ಮಪ್ಪನ ಆಯದ ಅಂಕಿಗೆ ಸರಿಯಾಗಿ ತಾಳೆಯಾಯಿತು. ಅಣ್ಣ ಹಿಗ್ಗಿ ಹೀರೇಕಾಯಿಯಾದ. ಹರಪನಹಳ್ಳಿಗೆ ಬಂದು, "ನೋಡ್ಲೇ ತಂಗಿ, ಮಿಷನ್ನೂ ಅಪ್ಪನ ಆಯಾನ ಹೇಳ್ತು!" ಎಂದು ನನ್ನ ಮುಂದೆ ಕುಣಿದ. ಕಂಪನಿಯವರು ತೋರಿಸಿದಲ್ಲಿ ಹೆಬ್ಬೆಟ್ಟನ್ನೂ ಒತ್ತಿಕೊಟ್ಟು ಬಂದಿದ್ದ. ಊರಿನವರೆಲ್ಲ ಒತ್ತಿದ್ದರು.

ಮೇಡಮ್ಮಾರು ಆಗ ನನ್ನ ಖಾನಾವಳಿಯ ಮೂಲೆಯ ಮೇಜಿನಲ್ಲಿ ಊಟಕ್ಕೆ ಕೂತಿದ್ದರು. ಆ ಊರಿನ ಅಳತೆಗಳನ್ನು ತಾಳೆ ನೋಡಿ ಸಹಿ ಹಾಕುವ ಕೆಲಸ ಅವರದೇ ಎಂದು ಅಣ್ಣನಿಗೆ ಗೊತ್ತಿರಲಿಲ್ಲ. ತಟ್ಟೆಯಿಂದ ತಲೆ ಎತ್ತಿ ಕೇಳಿದರು.

"ಎಲ್ಲಿಂದ ಎಲ್ಲಿಗೆ?"

"ಗ್ವಾಡಿಯಿಂದ ಗ್ವಾಡಿಗ್ರೀ."

"ಗ್ವಾಡಿ ಒಳಗಿನ ಮೈಯಿಂದೋ ಹೊರಗಿನ ಮೈಯಿಂದೋ?"

"ಒಳಗಿಂದರೀ. ಆಯ ಅಂದ್ರ ಒಳಗಿಂದ."

"ಮತ್ತ ಗ್ವಾಡಿ ಎಲ್ಲಿ ಹ್ವಾತು?"

ಅಣ್ಣ ನನ್ನ ಮುಖ ನೋಡಿದ. ಈಕೆಗೆ ತಲೆ ಸರಿ ಇದೆಯೇ ಎನ್ನುವ ಹಾಗೆ. ಮೇಡಮ್ಮಾರು ಕೈ ತೊಳೆದು ಬಂದು ಬಿಡಿಸಿ ಹೇಳಿದರು. ಸರ್ಕಾರದ ಆದೇಶದಲ್ಲಿಯೇ ವಿಸ್ತೀರ್ಣವೆಂದರೆ ಗೋಡೆಯ ಹೊರಮೈಯಿಂದ ಹೊರಮೈಗೆ ಎಂದಿದೆ. ಪಕ್ಕದವರೊಂದಿಗೆ ಜಂಟಿ ಗೋಡೆ ಇದ್ದರೆ ಅದರ ನಡುಮಧ್ಯದವರೆಗೆ. ಅದನ್ನು ಕಂಪನಿಯವರು ಓದಿಲ್ಲ, ಅಥವಾ ಓದಿ ಬಿಟ್ಟಿದ್ದಾರೆ. ಒಳಗಿನಿಂದ ಅಳೆದರೆ ನಿಮ್ಮ ಮನೆ ಸಣ್ಣ ನಮೂನೆಗೆ ಬೀಳುತ್ತದೆ. ಹೊರಗಿನಿಂದ ಹಿಡಿದರೆ ಏನಾಗುತ್ತದೋ ಅಳೆದು ನೋಡಬೇಕು.

ಆಗಲೇ ನಾನು ಆ ಕಂಬ ತೆಗೆದದ್ದು. "ನನ್ನ ಹಾಲ್‌ನಾಗ ಕಂಬ ಕಳದ್ರಿ. ಅಣ್ಣನ ಮನ್ಯಾಗ ಗ್ವಾಡಿ ಕೂಡಸ್ತೀನಿ ಅಂತೀರಿ. ಇದೆಂಥಾ ನ್ಯಾಯ್ರೀ?"

ಅವರು ಒಂದು ಗಳಿಗೆಯೂ ತಡೆಯಲಿಲ್ಲ. "ನಿಮ್ಮಲ್ಲಿ ಎಷ್ಟು ಮಂದಿ ಕೂಡ್ತಾರ ಅಂತ ಲೆಕ್ಕ. ಅಲ್ಲಿ ಏನ ಹೋಗ್ತೈತಿ ಅಂತ ಲೆಕ್ಕ. ಬುಲ್ಡೋಜರ್ ಬಂದಾಗ ಗ್ವಾಡಿ ಬಿಟ್ಟು ನೆಲ ಅಷ್ಟ ಒಡೀತೈತೇನು? ಮನಿ ಕಳಕೊಂಡೋರು ಗ್ವಾಡಿನೂ ಕಳಕೊಂತಾರ ಅಕ್ಕಾರ."

ಅಣ್ಣ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಟೇಪು ಒಳಗೆ ಬರಕೂಡದು, ಆಯದ ಅಂಕಿ ಬಿಟ್ಟು ಬೇರೆ ಅಂಕಿ ಕಾಗದದ ಮೇಲೆ ಬರಕೂಡದು. "ಸಣ್ಣ ಮನಿ ಕೊಟ್ರ ಕೊಡ್ಲಿ. ಪಾಲು ಆಗೂದು ನಾ ನೋಡಲ್ಲ" ಎಂದು ಹಠ ಹಿಡಿದ. ಟೇಪು ಬಂದರೆ ಪಾಲಾಗುತ್ತದೆ ಎಂದು ಹೆದರಿ, ಪಾಲು ಗ್ಯಾರಂಟಿಯಾಗುವ ಅಂಕಿಗೆ ಹೆಬ್ಬೆಟ್ಟು ಒತ್ತಿದ್ದಾನೆ ಎಂಬುದು ಅವನ ತಲೆಗೆ ಇಳಿಯಲೇ ಇಲ್ಲ. ನಾನು ಅತ್ತೆ, ಬೈದೆ, ಅಪ್ಪನ ಆಣೆ ಹಾಕಿದೆ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ಆ ಕಡೆ ಕಚೇರಿಯಲ್ಲೂ ಮೇಡಮ್ಮಾರಿಗೆ ಸುಖವಿರಲಿಲ್ಲ. ಜನರೇ ಒಪ್ಪಿ ಹೆಬ್ಬೆಟ್ಟು ಒತ್ತಿದ ಮೇಲೆ ನಿಮಗೇನು ತೊಂದರೆ ಎಂದು ಸಾಹೇಬರು ಕೂಗಾಡಿದರಂತೆ. ಇದೇ ಸಾಹೇಬರು, ಸಭೆಯಲ್ಲಿ ಮೈಕು ಹಿಡಿದವರು. "ಕಂಪನಿಯವರ ಅಳತೆಗೆ ಸಹಿ ಹಾಕಿ ಕಳಿಸಿ" ಎಂದರಂತೆ. ಇವರು, "ಅವರು ಅಳದದ್ದಕ್ಕ ಅವರ ಸಹಿ ಹಾಕ್ಲಿ. ನನ್ನ ಸಹಿ ಬೇಕಂದ್ರ ನಾ ಅಳೀಬೇಕು" ಎಂದು ಎದ್ದು ಬಂದರು. ಬಂದವರು ಸೀದಾ ನನ್ನ ಅಡುಗೆಮನೆಗೆ ನುಗ್ಗಿ, "ಅಕ್ಕಾರ, ನಾಳೆ ಖಾನಾವಳಿ ಬಂದ್ ಮಾಡ್ರಿ. ಟೇಪಿನ ಇನ್ನೊಂದು ತುದಿ ಹಿಡಿಯಾಕ ಆಳು ಬೇಕು" ಎಂದರು. ಕಚೇರಿಯಿಂದ ಯಾರನ್ನೂ ಕಳಿಸುವುದಿಲ್ಲ ಎಂದಿದ್ದರಂತೆ. ಖಾನಾವಳಿಗೆ ಬೀಗ ಹಾಕಿ ನಾನು ಅವರ ಹಿಂದೆ ಹೊರಟೆ.

ಮನೆ ಮುಂದಿನ ಕಟ್ಟೆಯ ಮೇಲೆ ಅಣ್ಣ ಕೋಲು ಹಿಡಿದು ಕೂತಿದ್ದ. "ಒಳಗ ಬರಂಗಿಲ್ಲ" ಎಂದ.

"ನಿಮ್ಮ ಮನಿ ಒಳಗ ನನಗೇನೂ ಕೆಲಸಿಲ್ಲ" ಎಂದರು ಮೇಡಮ್ಮಾರು. "ನನ್ನ ಅಳತಿ ಹೊರಗಿಂದು. ಹೊಸ್ತಿಲ ದಾಟಿದ್ರ ಕೇಳ್ರಿ."

ನಾವು ಮನೆಯ ಮುಂಭಾಗ, ಓಣಿಯ ಬದಿ, ಹಿತ್ತಲ ಬದಿ ಎಲ್ಲ ಹೊರಗಿನಿಂದ ಅಳೆದೆವು. ಅಣ್ಣ ನಮ್ಮ ಹಿಂದೆಯೇ ತಿರುಗುತ್ತ, ಟೇಪು ಕಿಟಕಿಯೊಳಗೆ ತೂರುತ್ತದೋ ಎಂದು ಕಾಯುತ್ತಿದ್ದ. ಕೊನೆಗೆ ಬೇಜಾರಾಗಿ ಉಣ್ಣಲು ಒಳಗೆ ಹೋದ. ಉಳಿದದ್ದು ಪಕ್ಕದವರ ಜಂಟಿ ಗೋಡೆ. ಅದರ ದಪ್ಪ ಹೊರಗಿನಿಂದ ಕಾಣುವುದಿಲ್ಲ, ಎರಡೂ ಮನೆಗಳ ನಡುವೆ ಹುದುಗಿದೆ. ಮೇಡಮ್ಮಾರು ಮಾಳಿಗೆಯ ಕಡೆ ನೋಡಿದರು. ಮೇಲೆ ಹೋದರೆ ಗೋಡೆಯ ತಲೆ ಎರಡೂ ಬದಿಗೆ ಕಾಣುತ್ತದೆ. ಪಕ್ಕದವರ ಹಿತ್ತಿಲಲ್ಲಿ ಏಣಿ ಇತ್ತು. ಚಪ್ಪಲಿ ಬಿಟ್ಟು, ಸೀರೆ ಸಿಕ್ಕಿಸಿ, ಐವತ್ತು ದಾಟಿದ ಆ ಹೆಂಗಸು ಏಣಿ ಹತ್ತಿಯೇಬಿಟ್ಟರು. ಅವರ ಹಿಂದೆ ನಾನು. ನನ್ನ ಹಿಂದೆ, ಯಾರೂ ಕರೆಯದಿದ್ದರೂ, ನಮ್ಮ ಅತ್ತಿಗೆ. ಮದುವೆಯಾದಾಗಿನಿಂದ ಅಣ್ಣನ ಮಾತಿಗೆ ಎದುರಾಡದ ಹೆಣ್ಣುಮಗಳು ಸೆರಗು ಸೊಂಟಕ್ಕೆ ಕಟ್ಟಿ, "ಮೈದುನನ ಕೂಡ ನೆಗೆಣ್ಣಿನೂ ಹಲವಾಗಲಕ್ಕ ಹ್ವಾದ್ರ ನನಗ ಮಾತಾಡಾಕ ಯಾರದಾರ? ಕೊಡ್ರಿ ಇಲ್ಲಿ" ಎಂದು ನನ್ನ ಕೈಯಿಂದ ಟೇಪಿನ ತುದಿ ಕಸಿದುಕೊಂಡಳು.

ಮಾಳಿಗೆಯ ಮೇಲೆ ಮೂವರು ಹೆಂಗಸರು ಓಡಾಡಿದರೆ ಕೆಳಗೆ ಮಣ್ಣು ಉದುರದೆ ಇರುತ್ತದೆಯೇ? ಗವಾಕ್ಷಿಯ ಕೆಳಗೇ ಕೂತು ಉಣ್ಣುತ್ತಿದ್ದ ಅಣ್ಣನ ತಟ್ಟೆಗೆ ಉದುರಿತು.

"ಯಾರ್ಲೇ ಅದು ಮ್ಯಾಲೆ?"

"ಅಳತಿ!" ಎಂದು ಮೇಡಮ್ಮಾರು ಗವಾಕ್ಷಿಯೊಳಗೆ ಬಗ್ಗಿ ಕೂಗಿದರು.

"ಮನಿ ಮ್ಯಾಲೆ ಹತ್ತೀರಲ್ಲ, ನಿಮಗೇನು ಹೇಳೋರು ಕೇಳೋರು ಇಲ್ಲೇನು? ಆಯ ಕೆಡಸ್ತೀರಿ ನೀವು!"

"ಆಯ ಒಳಗಿಂದು, ಅದು ನಿಮ್ಮಪ್ಪಂದು, ಅದನ್ನ ನಾ ಮುಟ್ಟಿಲ್ಲ. ಗ್ವಾಡಿ ಕೇಳಾಕ ಬಂದೀನಿ. ಒಂದು ಮಾತು ಹೇಳ್ರಿ. ನಿಮ್ಮ ದೇವರು ಎಲ್ಲಿ ಅದಾಳ?"

"ಎಲ್ಲಿ ಅಂದ್ರ? ಗೂಡಿನಾಗ."

"ಗೂಡು ಎಲ್ಲೈತಿ?"

ಅಣ್ಣ ಗೂಡಿನ ಕಡೆ ತಿರುಗಿ ನೋಡುವಷ್ಟರಲ್ಲಿ ಮೇಡಮ್ಮಾರೇ ಮುಂದುವರಿಸಿದರು.

"ಗ್ವಾಡ್ಯಾಗ ಐತಿ. ಗ್ವಾಡಿ ಮನಿ ಅಲ್ಲ ಅಂತ ಹೆಬ್ಬೆಟ್ಟು ಒತ್ತಿ ಬಂದೀರಿ. ಹಂಗಾರ ನಿಮ್ಮ ಉಚ್ಚಂಗೆಮ್ಮ ಇಷ್ಟು ವರ್ಷ ಮನಿ ಹೊರಗ ಇದ್ಲೇನು?"

ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಆಮೇಲೆ ಅಣ್ಣನ ದನಿ ಸಣ್ಣಗೆ ಬಂತು. "ಅಳದು ಲಗೂನ ಇಳೀರಿ. ಮಾಳಗಿ ಸೋರತೈತಿ."

ಹೊರಮೈಯ ಅಳತೆಯಲ್ಲಿ ನಮ್ಮ ಮನೆ ಮಿತಿ ದಾಟಿತು. ಸಾಲಿನ ಉಳಿದ ಮನೆಗಳನ್ನೂ ಹಾಗೇ ಅಳೆದೆವು, ದಾಟಿದವೂ ಇದ್ದವು, ದಾಟದವೂ ಇದ್ದವು. ಅಣ್ಣನೂ ಊರಿನ ಒಬ್ಬ ಮುಖಂಡನೂ ಈಗ ಉಲ್ಟಾ ಹೊಡೆದರು. ಗೋಡೆ ಸೇರಿಸಿದರೆ ಹೆಚ್ಚಾಗುತ್ತದೆಂದು ತಿಳಿದ ಮೇಲೆ, ಹಿಂದಿನ ಕುರಿ ದೊಡ್ಡಿಯನ್ನೂ ಸೇರಿಸಬೇಕು, ಮುಂದಿನ ಚಪ್ಪರವನ್ನೂ ಸೇರಿಸಬೇಕು ಎಂದು ಹಿಡಿದುಕೊಂಡರು. ಮೇಡಮ್ಮಾರು ಸುತಾರಾಂ ಒಪ್ಪಲಿಲ್ಲ. "ಮ್ಯಾಲೆ ಸೂರಿಲ್ಲ, ಸುತ್ತ ಮುಳ್ಳಿನ ಬೇಲಿ. ಅದೆಂಗ ಮನಿ ಆಗತೈತಿ?"

"ನೀವು ನಮ್ಮ ಕಡೆ ಅದೀರೋ ಸರ್ಕಾರದ ಕಡೆ ಅದೀರೋ?" ಎಂದು ಅಣ್ಣ ರೇಗಿದ.

"ಎರಡೂ ಕಡೆ ಇಲ್ಲ. ನಿಮಗ ಒಂದು ಅಳತಿ, ಅವರಿಗೆ ಒಂದು ಅಳತಿ ನನ್ನ ಚೀಲದಾಗ ಇಲ್ಲ."

ಮುಖಂಡ ಅವರ ಮೇಲೆ ದೂರು ಕೊಟ್ಟ. ಸಾಹೇಬರಿಗೂ ಅದೇ ಬೇಕಾಗಿತ್ತು. ಆದರೆ ಮೇಡಮ್ಮಾರು ಊರಿನ ಒಂದೊಂದು ಮನೆಗೂ ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದು ಬರೆದು, ಕೆಳಗೆ ಆದೇಶದ ಸಾಲನ್ನೇ ಎತ್ತಿ ಹಾಕಿದ್ದರಿಂದ ಯಾರಿಗೂ ಕೈ ಹಾಕಲು ಜಾಗ ಸಿಗಲಿಲ್ಲ. ಅಳತೆ ಹಾಗೇ ಮೇಲೆ ಹೋಯಿತು, ಒಪ್ಪಿಗೆಯೂ ಆಯಿತು. ಅಳತೆಯನ್ನು ಬದಲಿಸಲಾಗದವರು ಅಳೆದವರನ್ನು ಬದಲಿಸಿದರು. ಹಗರಿಬೊಮ್ಮನಹಳ್ಳಿಗೆ ವರ್ಗ. ಟ್ರಂಕು ಕಟ್ಟುವಾಗ ನಾನು ಕಣ್ಣೀರು ಹಾಕಿದರೆ ನನಗೇ ಗದರಿದರು. "ಯಾಕಳ್ತೀರಿ? ಹಗರಿಬೊಮ್ಮನಹಳ್ಯಾಗ ಗ್ವಾಡಿ ಇಲ್ಲೇನು?" ಬಸ್ಸು ಹತ್ತುವಾಗಲೂ ಸೇಂಗಾ ಮಾರುವವನ ಹತ್ತಿರ ಸೇರು ತುಂಬಿಲ್ಲವೆಂದು ತಕರಾರು ತೆಗೆದೇ ಹೋದರು.

ಹೊಸ ಮನೆಯ ಗೃಹಪ್ರವೇಶಕ್ಕೆ ಅಣ್ಣನೇ ಹಗರಿಬೊಮ್ಮನಹಳ್ಳಿಗೆ ಹೋಗಿ ಕರೆದು ಬಂದಿದ್ದ. ಅವರು ಬಂದರು, ಹೆರಳ ತುದಿಗೆ ಗೇಣು ಮಲ್ಲಿಗೆ, ಹೆಗಲಿಗೆ ಅದೇ ಚೀಲ. ಬಂದವರು ಒಳಗೆ ಬಾರದೆ ಕಟ್ಟೆಯ ಹತ್ತಿರವೇ ನಿಂತರು. ಹಳೆಯ ಮನೆಯ ಸುತ್ತ ತಿರುಗಿ, ತಲೆಯ ಮೇಲೆ ನಡೆದಾಡಿದ್ದರೂ ಅದರ ಹೊಸ್ತಿಲನ್ನು ಅವರು ಕೊನೆಯವರೆಗೂ ದಾಟಿರಲಿಲ್ಲ. ಅಣ್ಣ ಚೀಲವನ್ನೇ ನೋಡುತ್ತಿದ್ದ.

"ಟೇಪು ಐತೇನ್ರೀ ಅದರಾಗ?"

"ಐತಿ. ಇಲ್ಲೇ ಬಿಟ್ಟು ಬರ್ಲೇನು?"

"ಬ್ಯಾಡ. ತಗೊಂಡ ಬರ್ರಿ ಒಳಗ" ಎಂದು ಅಣ್ಣ ದಾರಿ ಬಿಟ್ಟು ನಿಂತ.

ಒಳಗೆ ಹೋದವರು ನಡುಮನೆಯಲ್ಲಿ ಗಕ್ಕನೆ ನಿಂತರು. ಸಿಮೆಂಟು ಇಟ್ಟಿಗೆಯ ತೆಳು ಗೋಡೆಯ ಮನೆ ಅದು. ಆದರೆ ಒಂದು ಬದಿಯ ಗೋಡೆ ಮಾತ್ರ ಒಳಕ್ಕೆ ಉಬ್ಬಿಕೊಂಡಂತೆ ದಪ್ಪಗಿತ್ತು. ಒಳಗಿನ ಅಗಲ ಆಯಕ್ಕೆ ಕೂಡಿ ಬರಲಿಲ್ಲವೆಂದು ಅಣ್ಣ ಹಳೆಯ ಮನೆಯ ಕಲ್ಲು ತಂದು, ಒಳಗಿನಿಂದ ಇನ್ನೊಂದು ಗೋಡೆ ಒತ್ತಿಸಿ, ವೃಷಭಾಯವೇ ಬರುವಂತೆ ಮಾಡಿಸಿದ್ದ. ಅದರಲ್ಲೊಂದು ಗೂಡು ಬಿಡಿಸಿ ಉಚ್ಚಂಗೆಮ್ಮನನ್ನು ಕೂಡಿಸಿದ್ದ. ಮೇಡಮ್ಮಾರಿಗೆ ಸಿಟ್ಟು ನೆತ್ತಿಗೇರಿತು.

"ಇಷ್ಟು ಜಾಗಕ್ಕ ನಾ ಎಲ್ಲರ ಕೂಡ ಬಡದಾಡೀನಿ. ನೀವು ತಂದು ಗ್ವಾಡಿಗೆ ಕೊಟ್ಟೀರಲ್ಲ! ಮಕ್ಕಳು ಮಲಗಾಕ ಜಾಗ ಕಳದ್ರಿ."

ಅಣ್ಣ ಟವೆಲು ಸರಿಮಾಡಿಕೊಂಡು ಕೇಳಿದ. "ಮೇಡಮ್ಮಾರ, ನೀವು ಮನಿ ಎಲ್ಲಿಂದ ಎಲ್ಲಿಗೆ ಅಳಿತೀರಿ?"

"ಹೊರಗಿಂದ ಹೊರಗ."

"ಮತ್ತ? ಗ್ವಾಡಿ ಲೆಕ್ಕದಾಗ ಐತಲ್ಲ. ಏನ ಕಳದೀನಿ ನಾ?"

ಮೇಡಮ್ಮಾರು ಮಾತಿನಲ್ಲಿ ಸೋತದ್ದನ್ನು ನಾನು ನೋಡಿದ್ದು ಆವತ್ತೊಂದೇ ಸಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅಣ್ಣನ ಹೆಂಡತಿ, ತಮ್ಮನ ಹೆಂಡತಿ ಒಂದೇ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದರು. ಅಲ್ಲೇ ಹೋಗಿ ಕೂತು ಬಿಸಿಬಿಸಿಯಾಗಿ ತಿಂದರು. ಹೊರಡುವ ತನಕ ಟೇಪು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಅದಾದ ಮೇಲೆ ಬಹಳ ದಿನ ಅವರು ಉಳಿಯಲಿಲ್ಲ. ಕೂಡ್ಲಿಗಿ ಕಡೆ ಒಂದು ಶಾಲೆಯ ಕಟ್ಟಡ ನೋಡಲು ಹೋದಾಗ ಎದೆ ಹಿಡಿದುಕೊಂಡಿತಂತೆ, ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟರು. ಇನ್ನೂ ಒಂದಷ್ಟು ಮಂದಿಯ ಕಣ್ಣಿಗೆ ಮುಳ್ಳಾಗಿ ಬದುಕಬೇಕಾಗಿತ್ತು. ಹೋಗಬಾರದಿತ್ತು ಅವರು, ಇಷ್ಟು ಬೇಗ.

ಮತ್ತೆ ಆ ಸಭೆಗೆ ಬರುತ್ತೇನೆ. ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದು ಸಾಹೇಬರು ಇನ್ನೊಮ್ಮೆ ಹೇಳಿದಾಗ ಹಿಂದಿನ ಸಾಲಿನಿಂದ, "ಸುಳ್ಳು!" ಎಂದು ಒಂದು ದನಿ ಬಂತು. ತಿರುಗಿ ನೋಡಿದರೆ ನಮ್ಮಣ್ಣ. ಪಕ್ಕದಲ್ಲಿ ತಮ್ಮ, ಹೆಗಲ ಮೇಲೆ ಕಂಬಳಿ. ಅಣ್ಣ ಎದ್ದು ನಿಂತಿದ್ದ.

"ನನ್ನ ಮನಸ್ಸು ನೋಯಿಸ್ಯಾರ. ನನ್ನ ತಾಟಿಗೆ ಮಣ್ಣು ಹಾಕ್ಯಾರ. ನನ್ನ ದೊಡ್ಡಿ ಲೆಕ್ಕಕ್ಕ ಹಿಡೀಲಿಲ್ಲ, ಬೈದೀನಿ ಅವರಿಗೆ. ನಿಮಗೂ ನೋವ ಮಾಡ್ಯಾರ, ಅದಕ್ಕ ಎತ್ತಿ ಹಗರಿಬೊಮ್ಮನಹಳ್ಳಿಗೆ ಒಗದ್ರಿ. ಈಗ ಯಾಕ ಮೆತ್ತಗ ಮಾಡ್ತೀರಿ ಅವರನ್ನ? ಇವ ನನ್ನ ತಮ್ಮ. ಇನ್ನೂ ಒಂದ ಮನ್ಯಾಗ ಅದೀವಿ. ಅವರು ಮೆತ್ತಗ ಇದ್ದಿದ್ರ ಇವ ಇಷ್ಟೊತ್ತಿಗೆ ಹಲವಾಗಲದಾಗ ಇರ್ತಿದ್ದ."

ಸಾಹೇಬರು ಮೈಕನ್ನು ಸ್ವಲ್ಪ ದೂರ ಹಿಡಿದು, ಮುಖ ಗಂಟು ಹಾಕಿಕೊಂಡು ಕೇಳಿದರು. "ತಾವು ಯಾರು? ಅವರ ಸಂಬಂಧಿಕ್ರೇನು?"

ಅಣ್ಣ ಮೇಜಿನ ಹತ್ತಿರ ನಡೆದು ಹೋದ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಮಲ್ಲಿಗೆಯ ಮಾಲೆಯನ್ನು ಸೇವಂತಿಗೆಯ ಮೇಲೆಯೇ ಹಾಕಿದ.

"ಸಂಬಂಧಿಕರಲ್ಲರೀ" ಎಂದ. "ನಮ್ಮ ಮಾಳಗಿ ಹತ್ಯಾರ ಅವರು."